ಗುಡಿಯ ಬೆನ್ನಿಗಿದ್ದ ಮನೆ

ಹುನಗುಂದದಿಂದ ಮಕ್ಕಳನ್ನು ಕರೆದುಕೊಂಡು ಪ್ರತಿವರ್ಷ ಐಹೊಳೆಗೆ ಹೋಗುತ್ತೇನೆ. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಜೊತೆಗಿರುತ್ತದೆ. ಲಾಡಖಾನ ಗುಡಿಯ ಮುಂದೆ ನಿಂತೊಡನೆ ಮಕ್ಕಳ ಪ್ರಶ್ನೆ ಒಂದೇ: ಗುಡಿಗೆ ಈ ಹೆಸರು ಯಾಕೆ? ಹಿಂದೊಮ್ಮೆ ಅದರಲ್ಲಿ ಲಾಡಖಾನನೆಂಬವನು ವಾಸವಾಗಿದ್ದ, ಅವನ ಹೆಸರೇ ಉಳಿಯಿತು ಎನ್ನುತ್ತೇನೆ. ಚಾಲುಕ್ಯರ ಕಾಲ ಮುಗಿದ ಮೇಲೆ ಜನ ಇಂಥ ಗುಡಿಗಳಲ್ಲೇ ಒಲೆ ಹೂಡಿ ಸಂಸಾರ ಮಾಡಿದರು.

ಕೆಲವು ವರ್ಷಗಳ ಹಿಂದೆ ಗುಡಿಯೊಂದರ ಬೆನ್ನಿಗಿದ್ದ ಮನೆಯಲ್ಲಿ ಮಕ್ಕಳಿಗೆ ನೀರು ಕೇಳಿದೆ. ತಂಬಿಗೆ ಕೊಟ್ಟ ಮುದುಕಿ ಕೇಳಿದಳು:

"ಅಕ್ಕೋರ, ಮನ್ಯಾಗ ಬಸುರಿ ಸೊಸಿ ಅದಾಳ. ಒಂದು ಸಂಡಾಸ ಕಟ್ಟಸೂಣಂದ್ರ ಕಾಯ್ದೆ ಬಿಡೂದಿಲ್ಲಂತಾರ. ಗುಡಿ ಉಳೀಬೇಕ ಖರೆ, ಹೆಣ್ಣಮಕ್ಕಳ ಮಾನಾ ಉಳೀಬಾರದೇನ್ರಿ?"

ನನಗೆ ಉತ್ತರ ಹೊಳೆಯಲಿಲ್ಲ. ಆ ಕಾಯ್ದೆಯನ್ನು ಎರಡು ಅಂಕದ ಪ್ರಶ್ನೆಯಾಗಿ ಕಲಿಸಿದವಳು ನಾನೇ. 1904ರಲ್ಲಿ ಲಾರ್ಡ್ ಕರ್ಜನ್ ಕಾಲದಲ್ಲಿ ಸಂರಕ್ಷಣಾ ಕಾಯ್ದೆ ಬಂತು. ಸ್ವತಂತ್ರ ಭಾರತದ್ದು 1958ರದು. 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್ ಅನುಮತಿ ಬೇಕು. ಆ ಮುದುಕಿಯ ಇಡೀ ಸಂಸಾರ ನೂರು ಮೀಟರಿನೊಳಗೇ ಇತ್ತು.

ಕಾಯ್ದೆಯೇ ಬೇಡವೆನ್ನಲು ನನಗೆ ಬಾಯಿ ಬಾರದು. ನನ್ನ ತವರು ಹಳೆಯ ಬಾಗಲಕೋಟೆ. ಆಲಮಟ್ಟಿಯ ಹಿನ್ನೀರಿಗೆ ನಮ್ಮ ಓಣಿ ಹೋಯಿತು, ನಾವು ನವನಗರಕ್ಕೆ ಬಂದೆವು. ಅವ್ವ ಸಾರಿಸುತ್ತಿದ್ದ ಕಟ್ಟೆ ಯಾವ ಸ್ಮಾರಕದ ಪಟ್ಟಿಯಲ್ಲೂ ಇರಲಿಲ್ಲ. ಪಟ್ಟಿಯಲ್ಲಿಲ್ಲದ್ದು ಹೇಗೆ ಇಲ್ಲವಾಗುತ್ತದೆಂದು ಕಣ್ಣಾರೆ ಕಂಡಿದ್ದೇನೆ.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ಹೆಂಗಸು, ರಾಣಿ ಲೋಕಮಹಾದೇವಿ. ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ. ಆತ ಗೆದ್ದ ಊರಿನ ಕೈಲಾಸನಾಥ ಗುಡಿಯ ಸಂಪತ್ತನ್ನು ದೋಚದೆ ದೇವರಿಗೇ ಬಿಟ್ಟು, ಹಾಗೆಂದು ಕನ್ನಡದಲ್ಲಿ ಶಾಸನ ಬರೆಸಿದ. ಆಗ ಯಾವ ಕಾಯ್ದೆಯೂ ಇರಲಿಲ್ಲ. 1987ರಲ್ಲಿ ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿ ಸೇರಿತು. ರಾಣಿಯ ಗುಡಿ ಜಗತ್ತಿನದಾಯಿತು. ಅಲ್ಲಿಂದ ಹತ್ತಿಪ್ಪತ್ತು ಕಿಲೋಮೀಟರಿನಲ್ಲೇ ಸೊಸೆಯೊಬ್ಬಳು ಕತ್ತಲಾಗುವುದನ್ನು ಕಾಯುತ್ತಿದ್ದಳು.

ಮರುವಾರ ನಾನೊಬ್ಬಳೇ ಬಸ್ಸು ಹತ್ತಿ ಹೋದೆ. ಹಳೆಯ ಮನೆಯ ದುರಸ್ತಿಗೆ ಅನುಮತಿ ಕೇಳಬಹುದು; ಸೋರುವ ಮಾಳಿಗೆಗೆ ಅರ್ಜಿ ಬರೆದುಕೊಟ್ಟೆ. ಸಂಡಾಸಿನ ಮಾತಿಗೆ ಮುದುಕಿ, ನಾನು ಇಬ್ಬರೂ ಸುಮ್ಮನಾದೆವು. ಊರನ್ನೇ ಬೇರೆಡೆಗೆ ಒಯ್ಯುವ ಮಾತು ಬಹಳ ವರ್ಷಗಳದು. ಎಬ್ಬಿಸುವುದಾದರೆ ಮೊದಲು ಒಳ್ಳೆಯ ಮನೆ, ನೀರು, ಬಚ್ಚಲು ಕೊಟ್ಟು ಎಬ್ಬಿಸಲಿ. ಊರು ಬಿಟ್ಟು ಬಂದ ನಾನು ಇಷ್ಟನ್ನಾದರೂ ಹೇಳಬಲ್ಲೆ.

ಈಗ ಆ ಪಾಠ ಮಾಡುವಾಗ ಕಾಯ್ದೆಯ ಜೊತೆಗೆ ಮುದುಕಿಯ ಪ್ರಶ್ನೆಯನ್ನೂ ಹಲಗೆಯ ಮೇಲೆ ಬರೆಯುತ್ತೇನೆ. ಅದಕ್ಕೆ ಅಂಕವಿಲ್ಲ.