ಮಾತು ಕೊಟ್ಟವರು ಯಾರು, ಯಾರಿಗೆ?

ಕಾಸು ಬಿಡದ ತಿಮ್ಮಪ್ಪ, ಮಾತು ಬಿಡದ ಮಂಜುನಾಥ ಅನ್ನುತ್ತಾರೆ ನಮ್ಮ ಜನ. 2011ರ ಜೂನ್ 27ರಂದು ಆ ಮಂಜುನಾಥನ ಧರ್ಮಸ್ಥಳಕ್ಕೆ ಇಬ್ಬರು ಬಂದಿದ್ದರು: ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ, ಮಾಜಿ ಮುಖ್ಯಮಂತ್ರಿ ಕುಮಾರಸ್ವಾಮಿ. ಆರೋಪ ನಿಜವೋ ಸುಳ್ಳೋ, ದೇವರ ಮುಂದೆ ಆಣೆ ಇಡೋಣ ಎಂಬ ಸವಾಲು ಎದ್ದಿತ್ತು. ನಾಡೆಲ್ಲ ಬೆಳ್ತಂಗಡಿ ಸೀಮೆಯತ್ತ ಕಣ್ಣು ನೆಟ್ಟು ಕೂತಿತ್ತು. ಇಬ್ಬರೂ ಕೈಮುಗಿದರು; ಆಣೆ ಮಾತ್ರ ಇಡಲಿಲ್ಲ.

ಈ ಹಗೆಯ ಬೇರು 2006ರ ಸಮ್ಮಿಶ್ರ ಸರ್ಕಾರದಲ್ಲಿದೆ. 20 ತಿಂಗಳು ನೀನು, 20 ತಿಂಗಳು ನಾನು ಎಂಬ ಕರಾರು. ಆ ಫೆಬ್ರವರಿಯಲ್ಲಿ ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಉಪಮುಖ್ಯಮಂತ್ರಿ ಆದರು. 2007ರ ಅಕ್ಟೋಬರಿನಲ್ಲಿ ಕುರ್ಚಿ ಕೈಬದಲಾಗಲಿಲ್ಲ. ನವೆಂಬರಿನಲ್ಲಿ ಬದಲಾದಾಗ ಉಳಿದದ್ದು ಏಳೇ ದಿನ. ವಚನಭಂಗವೆಂದು ಎಲ್ಲರೂ ಕೂಗಿದರು. ಸರಿಯೇ. ಆದರೆ ಆ ವಚನ ಯಾರ ನಡುವಿನದು? ಒಕ್ಕಲಿಗ ನಾಯಕತ್ವ ಮತ್ತು ಲಿಂಗಾಯತ ನಾಯಕತ್ವದ ನಡುವಿನದು. ಆ ಕರಾರಿನಲ್ಲಿ ದಲಿತರಿಗೆ ಕೊಟ್ಟ ಮಾತೇ ಇರಲಿಲ್ಲ. ಕೊಡದ ಮಾತನ್ನು ಮುರಿಯುವುದಾದರೂ ಹೇಗೆ?

ಅದಕ್ಕೂ ಹಿಂದಿನದನ್ನು ನೋಡಿ. 2004ರಲ್ಲಿ 65 ಸ್ಥಾನದ ಕಾಂಗ್ರೆಸ್ಸೂ 58 ಸ್ಥಾನದ ಜೆಡಿಎಸ್ಸೂ ಕೂಡಿಕೊಂಡವು. ಧರ್ಮಸಿಂಗ್ ಮುಖ್ಯಮಂತ್ರಿ, ಸಿದ್ದರಾಮಯ್ಯ ಉಪಮುಖ್ಯಮಂತ್ರಿ. ಗುರುಮಿಟ್ಕಲ್‌ನಿಂದ 1972ರಿಂದ ಸೋಲಿಲ್ಲದೆ ಗೆದ್ದುಬಂದಿದ್ದ ಮಲ್ಲಿಕಾರ್ಜುನ ಖರ್ಗೆಯವರಿಗೆ ಸಾರಿಗೆ ಮತ್ತು ಜಲಸಂಪನ್ಮೂಲ ಖಾತೆ. ದೊಡ್ಡ ಖಾತೆಯೇ, ಅಲ್ಲವೆನ್ನುವವರಾರು? ಆದರೆ ಮೊದಲೆರಡು ಕುರ್ಚಿಗಳ ಲೆಕ್ಕ ಮುಗಿದ ಮೇಲಿನ ಖಾತೆ ಅದು.

2018ರಲ್ಲಿ ಮತ್ತೆ ಅದೇ ಎರಡು ಪಕ್ಷಗಳು. 34 ಮಂದಿಯ ಸಂಪುಟದಲ್ಲಿ ಕಾಂಗ್ರೆಸ್ಸಿಗೆ 22, ಜೆಡಿಎಸ್‌ಗೆ 12. ಪರಮೇಶ್ವರ ಉಪಮುಖ್ಯಮಂತ್ರಿಯಾದರು, ಗೃಹಖಾತೆಯೂ ಸಿಕ್ಕಿತು. ಡಿಸೆಂಬರಿನಲ್ಲಿ ಗೃಹ ಕೈತಪ್ಪಿತು. ದಲಿತನೆಂಬ ಕಾರಣಕ್ಕೆ ಮೂರು ಸಲ ಮುಖ್ಯಮಂತ್ರಿ ಸ್ಥಾನ ತಪ್ಪಿತೆಂದು 2019ರ ಫೆಬ್ರವರಿಯಲ್ಲಿ ಅವರೇ ನೊಂದು ಹೇಳಿದರು. ಬಿಎಸ್‌ಪಿಯ ಒಬ್ಬನೇ ಶಾಸಕ ಎನ್. ಮಹೇಶ್ ಶಿಕ್ಷಣ ಮಂತ್ರಿಯಾಗಿ ಬಂದವರು ಅಕ್ಟೋಬರಿನಲ್ಲೇ ಹೊರನಡೆದಿದ್ದರು.

ಇದು ಸಮ್ಮಿಶ್ರದ ರೋಗ ಮಾತ್ರವಲ್ಲ. 1973ರಲ್ಲಿ ಅರಸು ಸಂಪುಟದ ಬಸವಲಿಂಗಪ್ಪನವರು ‘ಬೂಸಾ’ ಎಂಬ ಒಂದು ಮಾತಿಗೆ ಮಂತ್ರಿಗಿರಿ ಬಿಡಬೇಕಾಯಿತು. ವಿಧಾನಸಭೆಯ 224ರಲ್ಲಿ 36 ಮೀಸಲು ಸ್ಥಾನಗಳು ಸಂವಿಧಾನ ಕೊಟ್ಟ ಹಕ್ಕು. ಮಂತ್ರಿಯ ಕುರ್ಚಿ ಹಾಗಲ್ಲ, ಅದು ಪಕ್ಷದ ಯಜಮಾನರ ದಾನ. 1932ರ ಪೂನಾ ಒಪ್ಪಂದದ ತರುವಾಯ ನಮ್ಮ ಪ್ರತಿನಿಧಿ ಎಲ್ಲರ ಓಟಿನಿಂದ ಗೆಲ್ಲಬೇಕು, ಪಕ್ಷದ ಟಿಕೆಟ್ಟಿಗೆ ಕಾಯಬೇಕು. ಟಿಕೆಟ್ಟಿಗೆ ಕಾದವನು ಖಾತೆ ಕಿತ್ತುಕೊಂಡಾಗ ಜಗಳಕ್ಕೆ ನಿಲ್ಲುವುದು ಎಷ್ಟು ಕಷ್ಟ, ನೀವೇ ಹೇಳಿ.

ಹಾಗಂತ ಸಿಕ್ಕ ಕುರ್ಚಿ ಬೇಡವೆನ್ನಬೇಕೆ? ಬೇಡ. ಆದರೆ ‘ನಮ್ಮವನೊಬ್ಬ ಮಂತ್ರಿಯಾದ’ ಎಂದು ಹಾರ ಹಾಕಿ ಮನೆಗೆ ಹೋಗುವುದನ್ನು ನಿಲ್ಲಿಸೋಣ. ಕರಾರು ಬರೆಯುವ ಹೊತ್ತಿಗೆ ಆ ಕೋಣೆಯೊಳಗೆ ನಮ್ಮವರು ಇರಬೇಕು. ಹಣಕಾಸು, ಕಂದಾಯ, ನೀರಾವರಿಗಳಲ್ಲಿ ನಮ್ಮ ಪಾಲೆಷ್ಟು ಎಂಬುದು ಸರ್ಕಾರ ಕೂಡುವ ಮೊದಲೇ ಕಾಗದಕ್ಕೆ ಇಳಿಯಬೇಕು.

ಮಂಜುನಾಥನ ಮುಂದೆ ಆಣೆಗೆ ಹಿಂಜರಿದ ನಾಯಕರು ಸಂವಿಧಾನದ ಹೆಸರಿನಲ್ಲಿ ಪಕ್ಷಪಾತವಿಲ್ಲದೆ ನಡೆಯುತ್ತೇವೆಂದು ಪ್ರಮಾಣ ಮಾಡಲು ಹಿಂಜರಿದಿರಲಿಲ್ಲ. ಮೊದಲನೆಯದರ ಲೆಕ್ಕ ದೇವರಿಗೆ ಬಿಡಿ. ಎರಡನೆಯದರ ಲೆಕ್ಕ ಕೇಳಬೇಕಾದವರು ನಾವು.