ಪೃಥೆಗೆ ಯಾರೂ ಹೇಳದ ಮಾತು

ಬೀರೂರು ಜಂಕ್ಷನ್ನಿನಲ್ಲಿ ಇಳಿದು ಗಾಡಿ ಬದಲಾಯಿಸಿದ ಅನುಭವ ನಮ್ಮಲ್ಲಿ ಅನೇಕರಿಗೆ ಉಂಟು. 1899ರಲ್ಲಿ ಶಿವಮೊಗ್ಗೆಯ ಕವಲು ಹಳಿ ಬಂದಂದಿನಿಂದ ಅದು ದಾರಿಗಳು ಅಗಲುವ ಊರು. ಜೊತೆಗೆ ಯಾರೂ ಇಲ್ಲದ ಮಗುವೊಂದು ಅಂಥ ನಿಲ್ದಾಣದಲ್ಲಿ ಇಳಿದರೆ? ಇಂದಿನ ಕಾನೂನು ಅದಕ್ಕೊಂದು ದಾರಿ ಹಾಕಿದೆ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಬೇಕು. ಹೆತ್ತವರು ಸಿಕ್ಕದಿದ್ದರೆ ಅದು ಪಾಲನಾಮಂದಿರವನ್ನೋ ಸಾಕುಮನೆಯನ್ನೋ ಸೇರುತ್ತದೆ. ಅಲ್ಲಿ ಅನ್ನ, ಬಟ್ಟೆ, ಪಾಠ ದೊರೆಯಬಹುದು. ಆದರೆ ಮೈ ಬದಲಾಗುವ ವಯಸ್ಸಿನಲ್ಲಿ ಹೇಳಬೇಕಾದ ನಾಲ್ಕು ಮಾತನ್ನು ಹೇಳುವವರು ಯಾರು?

ಪ್ರಶ್ನೆ ಹೊಸದಲ್ಲ. ಕುಂತಿಯನ್ನು ನಾವು ಕರ್ಣನ ತಾಯಿಯೆಂದು ನೆನೆಯುತ್ತೇವೆ. ಅವಳೇ ಸಾಕುಮಗಳೆಂಬುದನ್ನು ಮರೆಯುತ್ತೇವೆ. ಶೂರಸೇನನ ಮಗಳು ಪೃಥೆ ಮಕ್ಕಳಿಲ್ಲದ ಕುಂತಿಭೋಜನ ಮನೆಯಲ್ಲಿ ಬೆಳೆದಳು. ಮುನಿಯ ಸೇವೆಗೆ ಅವಳನ್ನು ನಿಲ್ಲಿಸಿದರು. ಮುನಿ ಮೆಚ್ಚಿ ಮಂತ್ರ ಕೊಟ್ಟ. ಮಂತ್ರ ತಿಳಿಸಿದರೇ ಹೊರತು ಅದರ ಫಲವೇನು, ಬೇಡವೆನ್ನುವ ಬಗೆ ಯಾವುದು ಎಂಬುದನ್ನು ಆ ಹುಡುಗಿಗೆ ಬಿಡಿಸಿ ಹೇಳಿದವರಿಲ್ಲ. ಕುತೂಹಲದಿಂದ ಕರೆದಳು, ಸೂರ್ಯ ಬಂದಾಗ ಹೋಗೆಂದು ಬೇಡಿಕೊಂಡಳು. ಹುಟ್ಟಿದ ಕೂಸನ್ನು ಹೊಳೆಗೆ ಬಿಟ್ಟಳು. ಅದನ್ನೂ ಸಾಕಿದವಳು ಮತ್ತೊಬ್ಬ ತಾಯಿ, ರಾಧೆ. ಒಂದು ಮನೆಯ ಮೌನ ಎರಡು ತಲೆಮಾರನ್ನು ಸುಟ್ಟಿತು.

ಹೆತ್ತವರ ಮನೆಯಲ್ಲಿ ಈ ಮಾತು ಅಜ್ಜಿಯಿಂದಲೋ ಅತ್ತಿಗೆಯಿಂದಲೋ ಅರೆಬರೆಯಾಗಿಯಾದರೂ ಕಿವಿಗೆ ಬೀಳುತ್ತಿತ್ತು. ಉಳಿದ ತಿಳಿವಳಿಕೆ ಮದುವೆಯೊಡನೆ ಬರತಕ್ಕದ್ದೆಂದು ಸಮಾಜ ನಂಬಿತ್ತು. ಮೈಸೂರು ಸರ್ಕಾರ 1930ರಲ್ಲಿಯೇ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳಿಗೆ ಒಪ್ಪಿಗೆ ಕೊಟ್ಟಿತು. ಆ ಕಾಲಕ್ಕೆ ಅದು ದಿಟ್ಟ ಹೆಜ್ಜೆ. ಆದರೆ ಮಾತು ದಂಪತಿಗಳೊಡನೆ. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ ಕನ್ನಡದ ಮನೆಮನೆಗೆ ಈ ವಿಷಯವನ್ನು ಸಂಕೋಚವಿಲ್ಲದೆ ತಂದರು. ಅವರ ಪುಸ್ತಕಗಳ ಹೆಸರನ್ನು ನೋಡಿ: ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’. ಕಿವಿಮಾತು ವಧುವಿಗೆ ಸಲ್ಲುತ್ತಿತ್ತು. ಮನೆಯಿಲ್ಲದ ಹದಿಮೂರರ ಹುಡುಗಿಗಾಗಲಿ ಹುಡುಗನಿಗಾಗಲಿ ಅಲ್ಲ.

ಶಾಲೆಯಾದರೂ ಹೇಳಲೆಂದು 2005ರಲ್ಲಿ ಕೇಂದ್ರ ಸರ್ಕಾರ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಹೊರಡಿಸಿತು. 2007ರಲ್ಲಿ ಗದ್ದಲವೆದ್ದು ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ತಡೆದವು. ಇಂಥದ್ದನ್ನು ಮನೆಯಲ್ಲಿ ಹೇಳಲಿ ಎಂಬುದು ಆಗ ಕೇಳಿಬಂದ ವಾದ. ಒಪ್ಪೋಣ. ಮನೆಯೇ ಇಲ್ಲದವರಿಗೆ?

ಕಾನೂನು ಈ ಮಕ್ಕಳನ್ನು ಮರೆತಿಲ್ಲ. 2012ರ ಪೋಕ್ಸೋ ಕಾಯಿದೆ, ಮಗುವಿನ ಮೇಲೆ ರಕ್ತಸಂಬಂಧಿ ಎಸಗುವ ಅಪರಾಧದ ಸಾಲಿನಲ್ಲಿಯೇ ಸಾಕುಪೋಷಣೆಯ ಸಂಬಂಧವನ್ನೂ ಹೆಸರಿಸಿ ಹೆಚ್ಚಿನ ಶಿಕ್ಷೆ ವಿಧಿಸಿದೆ. ಆಸರೆ ಕೊಟ್ಟ ಕೈಯಿಂದಲೇ ಅಪಾಯ ಬರಬಹುದೆಂಬ ಕಹಿ ಅರಿವು ಅಲ್ಲಿದೆ. 2015ರ ಬಾಲನ್ಯಾಯ ಕಾಯಿದೆ ಸಾಕುಮನೆಗೆ ಮಗುವಿನ ಶಿಕ್ಷಣ, ಆರೋಗ್ಯ, ಆಹಾರಗಳ ಹೊಣೆಯನ್ನು ಒಪ್ಪಿಸಿದೆ. ಆದರೆ ನಡೆದುದು ತಪ್ಪೆಂದು ಮಗುವಿಗೆ ತಿಳಿಯದಿದ್ದರೆ, ತನ್ನ ಅಂಗಗಳ ಹೆಸರನ್ನು ನಾಚದೆ ಹೇಳಲು ಬಾರದಿದ್ದರೆ, ದೂರು ಹುಟ್ಟುವುದು ಎಲ್ಲಿಂದ?

ಸಾಕುತಾಯಿ ‘ಹೆತ್ತವಳಲ್ಲದ ನಾನು ಹೇಗೆ ಹೇಳಲಿ’ ಎಂದು ಹಿಂಜರಿಯುವುದು ಸಹಜ. ಮಂದಿರದ ಮೇಲ್ವಿಚಾರಕಿ ಶಾಲೆ ಹೇಳೀತೆಂದುಕೊಂಡರೆ, ಶಾಲೆ ಮಂದಿರದ ಕಡೆ ನೋಡುತ್ತದೆ. ಹೇಳಬೇಕಾದುದೇನೂ ಅಶ್ಲೀಲವಲ್ಲ: ಮುಟ್ಟು ರೋಗವಲ್ಲ, ಸ್ವಪ್ನಸ್ಖಲನ ದೌರ್ಬಲ್ಯವಲ್ಲ, ಗರ್ಭ ನಿಲ್ಲುವುದು ಹೀಗೆ, ರೋಗ ಹರಡುವುದು ಹೀಗೆ, ನಿನ್ನ ಮೈ ನಿನ್ನದು, ಹೆದರಿಕೆಯಾದರೆ 1098ಕ್ಕೆ ಕರೆ ಮಾಡು. ಒಂದೇ ದಿನದ ಉಪನ್ಯಾಸವೂ ಬೇಡ. ವಯಸ್ಸಿಗೆ ತಕ್ಕಂತೆ, ಕೇಳಿದಾಗಲೆಲ್ಲ, ಗದರದೆ ಉತ್ತರಿಸಿದರೆ ಸಾಕು.

ಸಾಕುವುದೆಂದರೆ ಉಣಿಸಿ ಉಡಿಸುವುದಷ್ಟೇ ಅಲ್ಲ. ಕುಂತಿಭೋಜನ ಅರಮನೆಯಲ್ಲಿ ಅನ್ನಕ್ಕೇನು ಕೊರತೆಯಿತ್ತು?