ಮಂಜಿನಾಗ ಕೂಗು ಹಾಕೋದು

ಚಳಿಗಾಲದ ಬೆಳಿಗ್ಗೆ ನಮ್ಮ ರಾಯಬಾಗ ಕಡೆ ಕೃಷ್ಣಾ ನದಿ ದಂಡಿಗೆ ನಿಂತವರಿಗೆ ಗೊತ್ತು, ಒಮ್ಮೊಮ್ಮೆ ಆಚೆ ದಂಡಿ ಅನ್ನೋದೇ ಇರೋದಿಲ್ಲ. ಬರೀ ಮಂಜು. ನಾನು ಸಣ್ಣವನಿದ್ದಾಗ ನಮ್ಮೂರ ಅಂಬಿಗರ ಅಜ್ಜ ಹುಟ್ಟು ಹಾಕುವ ಮೊದಲು ಜೋರಾಗಿ ಒಂದು ಕೂಗು ಹಾಕ್ತಿದ್ದ. ತಿರುಗಿ ಕೂಗು ಬಂದರೆ ಇನ್ನೊಂದು ದೋಣಿ ನೀರಾಗ ಐತಿ ಅಂತ ಅರ್ಥ. ಬರದಿದ್ದರೂ ಅಜ್ಜ ನಂಬುತ್ತಿರಲಿಲ್ಲ, ನಡು ಹೊಳಿಯಾಗ ಹುಟ್ಟು ನಿಲ್ಲಿಸಿ ಮತ್ತೆ ಕೂಗ್ತಿದ್ದ. ಈಗ ಕುಡಚಿ–ಉಗಾರ ನಡುವೆ, ಕಲ್ಲೋಳ–ಯಡೂರ ನಡುವೆ ಸೇತುವೆ ಇವೆ. ಮಳೆಗಾಲದಾಗ ಅವೇ ಮುಳುಗ್ತಾವ, ಆ ಮಾತು ಬೇರೆ.

ರಾಡಾರ್ ಮಾಡೋದೂ ಇದನ್ನೇ. ಧ್ವನಿಯ ಬದಲು ರೇಡಿಯೋ ಅಲೆ, ಅಷ್ಟೇ ಫರಕು. ಮಜಾ ಅಂದ್ರೆ, ಇದರ ಮೊದಲ ಪ್ರದರ್ಶನ ನಡೆದದ್ದೂ ಹೊಳಿ ದಂಡಿಗೇ. 1904ರ ಮೇ ತಿಂಗಳಲ್ಲಿ ಜರ್ಮನಿಯ ಕಲೋನ್‌ನಲ್ಲಿ, ರೈನ್ ನದಿಯ ಸೇತುವೆ ಬಳಿ, ಕ್ರಿಸ್ಟಿಯಾನ್ ಹ್ಯೂಲ್ಸ್‌ಮೇಯರ್ ಎಂಬ 22 ವರ್ಷದ ಹುಡುಗ ತನ್ನ ‘ಟೆಲಿಮೊಬಿಲೋಸ್ಕೋಪ್’ ತೋರಿಸಿದ. ಹಡಗಿಗೆ ಬಡಿದ ಅಲೆ ತಿರುಗಿ ಬಂದರೆ ಗಂಟೆ ಬಾರಿಸುತ್ತಿತ್ತು. ಯಾರೂ ಕೊಳ್ಳಲಿಲ್ಲ. ನಮ್ಮ ಸ್ಟಾರ್ಟಪ್ ಮಂದಿಗೆ ಈ ಕಥೆ ಹೊಸದಲ್ಲ ಬಿಡ್ರಿ.

ಯುದ್ಧ ಬಂದಾಗ ಎಲ್ಲರಿಗೂ ಬೇಕಾಯಿತು. 1940ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ರಾಂಡಲ್ ಮತ್ತು ಬೂಟ್ ಮಾಡಿದ ಕ್ಯಾವಿಟಿ ಮ್ಯಾಗ್ನೆಟ್ರಾನ್‌ನಿಂದ ರಾಡಾರ್ ಸಣ್ಣದಾಯಿತು. ನಿಮ್ಮ ಮೈಕ್ರೋವೇವ್ ಓವನ್ನಿನ ಒಳಗಿರೋದೂ ಅದೇ ಸಾಮಾನು. ಯುದ್ಧ ಮುಗಿದ ಮೇಲೆ ಅದು ವ್ಯಾಪಾರಿ ಹಡಗು ಹತ್ತಿತು, ಆಮೇಲೆ ಮೀನುಗಾರರ ಬೋಟು, ಕೊನೆಗೆ ವೀಕೆಂಡ್ ದೋಣಿ.

ಆದರೆ ಕಾಣಿಸಿದ್ದು ತಿಳಿದಂಗ ಅಲ್ಲ. 1956ರ ಜುಲೈ 25ರ ರಾತ್ರಿ, ಅಮೆರಿಕದ ನ್ಯಾಂಟಕೆಟ್ ಬಳಿ ಇಟಲಿಯ ಆಂಡ್ರಿಯಾ ಡೋರಿಯಾ ಮತ್ತು ಸ್ವೀಡನ್ನಿನ ಸ್ಟಾಕ್‌ಹೋಮ್ ಎದುರುಬದುರು ಬಂದವು. ಎರಡರಲ್ಲೂ ರಾಡಾರ್ ಇತ್ತು, ಎರಡೂ ಒಂದನ್ನೊಂದು ನೋಡಿದ್ದವು. ಒಬ್ಬರು ಬಲಕ್ಕೆ ದಾಟಿ ಹೋಗ್ತಾರೆ ಅಂದುಕೊಂಡು ಎಡಕ್ಕೆ ತಿರುಗಿದರು, ಇನ್ನೊಬ್ಬರು ಎಡಕ್ಕೆ ದಾಟ್ತಾರೆ ಅಂದುಕೊಂಡು ಬಲಕ್ಕೆ. 51 ಜನ ಸತ್ತರು. ಡೋರಿಯಾದಲ್ಲಿ ಎದುರಿನ ಚುಕ್ಕಿಯ ದಾರಿಯನ್ನು ಕಾಗದದ ಮೇಲೆ ಗುರುತು ಹಾಕಿರಲೇ ಇಲ್ಲ.

ಇದರ ಕಷ್ಟ ನನಗೆ ಗೊತ್ತಾಗಿದ್ದು ಸಿಯಾಟಲ್‌ನಲ್ಲಿ, ಆನ್‌ಸೈಟ್ ಹೋದಾಗ. ಗೆಳೆಯನೊಬ್ಬನ ಸಣ್ಣ ದೋಣಿಯಲ್ಲಿ ರಾಡಾರ್ ಇತ್ತು. ಪರದೆ ಓದೋದು ಏನು ಮಹಾ, ದಿನಾ ಡ್ಯಾಶ್‌ಬೋರ್ಡ್ ನೋಡೋನೇ ಅಲ್ವಾ ಅನ್ನೋ ಧಿಮಾಕು ನನಗೆ. ಪರದೆಯ ನಡುವೆ ನಾವು, ನಾವು ಯಾವಾಗಲೂ ನಿಂತೇ ಇರ್ತೀವಿ, ಉಳಿದ ಲೋಕ ಓಡ್ತದೆ. ಮಿರಜ್ ಸ್ಟೇಶನ್ನಿನಾಗ ಪಕ್ಕದ ಗಾಡಿ ಹೊರಟರೆ ನಮ್ಮ ಗಾಡಿಯೇ ಹೊರಟಿತು ಅನಿಸ್ತದಲ್ಲ, ಅದರ ಉಲ್ಟಾ. ನೆಟ್ಟಗೆ ನಿಂತ ಬಂಡೆ ಪರದೆಯ ಮೇಲೆ ಸರಿದಾಡುತ್ತದೆ. ನಮ್ಮಷ್ಟೇ ವೇಗದಲ್ಲಿ ಜೊತೆಗೆ ಬರುವ ಹಡಗು ಕದಲೋದೇ ಇಲ್ಲ.

ಗೆಳೆಯ ಮೊದಲು ಕಲಿಸಿದ್ದು ಒಂದೇ: ಚುಕ್ಕಿ ಒಂದೇ ದಿಕ್ಕಿನಲ್ಲಿದ್ದು, ದೂರ ಮಾತ್ರ ಕಡಿಮೆ ಆಗ್ತಿದ್ದರೆ ಡಿಕ್ಕಿ. ಅಥಣಿ ರಸ್ತೆಯಲ್ಲಿ ಬೈಕ್ ಓಡಿಸಿದವರಿಗೆ ಇದು ಗೊತ್ತಿರೋದೇ. ಅಡ್ಡದಾರಿಯಿಂದ ಬರೋ ಕಬ್ಬಿನ ಟ್ರ್ಯಾಕ್ಟರ್ ಕಣ್ಣಂಚಿನಲ್ಲಿ ಅದೇ ಜಾಗದಲ್ಲೇ ದೊಡ್ಡದಾಗ್ತಾ ಬಂದರೆ ಬ್ರೇಕ್ ಹಾಕ್ತೀವಲ್ಲ, ಅದೇ ಲೆಕ್ಕ.

1972ರಲ್ಲಿ ಒಪ್ಪಿ 1977ರಿಂದ ಜಾರಿಯಾದ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳು ಅರೆಬರೆ ರಾಡಾರ್ ಮಾಹಿತಿ ನಂಬಿ ಊಹೆ ಮಾಡಬೇಡಿ ಅಂತ ಸ್ಪಷ್ಟವಾಗಿ ಹೇಳ್ತವೆ. ಕಣ್ಣಿನಿಂದಲೂ ಕಿವಿಯಿಂದಲೂ ಕಾವಲು ಕಾಯಬೇಕು ಅಂತಲೂ. ಸಣ್ಣ ದೋಣಿಗೂ ಅದೇ ನಿಯಮ.

ಒಂದು ಅಕ್ಟೋಬರ್ ಬೆಳಿಗ್ಗೆ ದಟ್ಟ ಮಂಜು ಬಿತ್ತು. ಪರದೆಯಲ್ಲಿ ಒಂದು ದಪ್ಪ ಚುಕ್ಕಿ. ದೂರ ಹೋಗ್ತಿದೆ ಅಂದೆ ನಾನು. ಗೆಳೆಯ ಆರು ನಿಮಿಷದಲ್ಲಿ ಮೂರು ಸಲ ಗುರುತು ಹಾಕಿದ: ದಿಕ್ಕು ಅದೇ, ದೂರ ಕಡಿಮೆ. ವೇಗ ಇಳಿಸಿ, ಹಾರ್ನ್ ಊದಿ, ನನ್ನನ್ನು ಮೂತಿಗೆ ಕಳಿಸಿ ‘ಕೇಳಿಸ್ಕೊ’ ಅಂದ. ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಬಲಗಡೆಯಿಂದ ದೊಡ್ಡ ಹಾರ್ನ್ ಕೇಳಿತು, ಮತ್ತೊಮ್ಮೆ, ಇನ್ನೂ ಹತ್ತಿರ. ಅವನು ಎಂಜಿನ್ ನಿಲ್ಲಿಸಿದ. ಬಿಳಿ ಗೋಡೆಯಂಥಾ ಫೆರ್ರಿಯೊಂದು ನಮ್ಮ ಮುಂದೆ ಅಡ್ಡ ದಾಟಿ ಹೋಯಿತು. ಅದರ ಅಲೆಗೆ ನಮ್ಮ ದೋಣಿ ಬಹಳ ಹೊತ್ತು ತೂಗಾಡಿತು.